ಸಮನಾಗಿ ಕಾಣುವುದೆಲ್ಲ ಸಮವೇ?



ಹಿಂಗಾರಿ ಜೋಳ, ಕಡಲೆಗಳ ಸುಗ್ಗಿ ಮುಗಿದು ಬಿಸಿಲು ಏರತೊಡಗಿದ ಮೇಲೆ ನವಲಗುಂದ, ಅಣ್ಣಿಗೇರಿಗಳ ಎರೆಹೊಲಗಳು ಹೇಗೆ ಬಿರಿಯುತ್ತವೆ ಎಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಳೆಗರುವಿನ ಕಾಲು ಸಿಕ್ಕಿಕೊಳ್ಳುವಷ್ಟು ಅಗಲದ ಬಿರುಕುಗಳು ಹೊಲದ ತುಂಬ ಬಲೆಯಂತೆ ಹರಡಿಕೊಳ್ಳುತ್ತವೆ. ಒಂದು ಪ್ರಶ್ನೆಯನ್ನು ಮಾತ್ರ ನಿಮ್ಮ ಮುಂದಿಡುತ್ತೇನೆ. ಹೊಲವೆಲ್ಲ ಒಂದೇ ಮಣ್ಣು. ಸೂರ್ಯನು ಈ ಮೂಲೆಗೆ ಹೆಚ್ಚು, ಆ ಮೂಲೆಗೆ ಕಡಿಮೆ ಎಂದು ಸುಡುವುದಿಲ್ಲ. ಗಾಳಿಯೂ ಪಕ್ಷಪಾತಿಯಲ್ಲ. ಹಾಗಿರುವಾಗ ಮೊದಲ ಬಿರುಕು ಇಲ್ಲಿಯೇ ಏಕೆ ಬಿಟ್ಟಿತು, ಒಂದು ಮೊಳ ಆಚೆಗೆ ಏಕೆ ಬಿಡಲಿಲ್ಲ?

ನಿಯಮವನ್ನು ಕೇಳಿದರೆ ಅದಕ್ಕೆ ಉತ್ತರವಿಲ್ಲ. ಒಣಗುವ ಎರೆಮಣ್ಣು ಕುಗ್ಗಲೇಬೇಕು, ಕುಗ್ಗಿದ್ದು ಬಿರಿಯಲೇಬೇಕು ಎಂದಷ್ಟೇ ನಿಯಮ ಹೇಳುತ್ತದೆ. ಎಲ್ಲಿ ಎಂದು ಹೇಳುವುದಿಲ್ಲ. ಒಂದು ಒಣಬೇರು, ಒಂದು ಹರಳು, ಇರುವೆಯ ಗೂಡಿನ ಒಂದು ಸಣ್ಣ ರಂಧ್ರ ಆ ತೀರ್ಮಾನವನ್ನು ಮಾಡಿಬಿಡುತ್ತದೆ. ಒಮ್ಮೆ ಬಿರುಕು ಬಿಟ್ಟ ಮೇಲೆ ಹೊಲ ಮೊದಲಿನಂತೆ ಎಲ್ಲ ಕಡೆಗೂ ಸಮವಾಗಿ ಉಳಿಯುವುದಿಲ್ಲ. ನಿಯಮ ಸಮವಾಗಿದ್ದೂ ಫಲ ಸಮವಾಗದೆ ಹೋಗುವ ಈ ಸಂಗತಿಗೆ ಭೌತವಿಜ್ಞಾನಿಗಳು ‘ಸಮಮಿತಿ ಭಂಗ’ ಎಂದು ಹೆಸರಿಟ್ಟಿದ್ದಾರೆ. ಸಮಮಿತಿ ಎಂಬ ಪದ ಹೊಸದೆನಿಸಿದರೆ ನವಲಗುಂದದ ಹೆಣ್ಣುಮಕ್ಕಳು ನೇಯುವ ಜಮಖಾನೆಯನ್ನು ನೆನಪಿಸಿಕೊಳ್ಳಿ. ಅದರ ನಡುವಿನ ಪಗಡೆ ಹಾಸಿನ ವಿನ್ಯಾಸವನ್ನು ಈ ತುದಿಯಿಂದ ನೋಡಿದರೂ ಆ ತುದಿಯಿಂದ ನೋಡಿದರೂ ಒಂದೇ. ತಿರುಗಿಸಿದ್ದು ಗೊತ್ತಾಗದಂತಿರುವುದೇ ಸಮಮಿತಿ. ಒಂದು ಎಳೆಯ ಬಣ್ಣ ಬದಲಾದರೆ ಸಾಕು, ಜಮಖಾನೆಗೆ ತಲೆ ಯಾವುದು, ಕಾಲು ಯಾವುದು ಎಂಬುದು ಹುಟ್ಟಿಕೊಳ್ಳುತ್ತದೆ.

ತತ್ವಶಾಸ್ತ್ರ ಓದಿದವರಿಗೆ ಇಲ್ಲೊಂದು ಹಳೆಯ ಕತ್ತೆ ನೆನಪಾಗುತ್ತದೆ. ಎರಡು ಕಡೆ ಸಮಾನ ದೂರದಲ್ಲಿ ಸಮಾನವಾದ ಮೇವಿನ ರಾಶಿಗಳಿವೆ. ಯಾವುದನ್ನು ತಿನ್ನಲೂ ವಿಶೇಷ ಕಾರಣವಿಲ್ಲದೆ ನಡುವೆ ನಿಂತ ಕತ್ತೆ ಹಸಿವಿನಿಂದ ಸಾಯುತ್ತದೆಯೆ? ಹದಿನಾಲ್ಕನೆಯ ಶತಮಾನದ ಪ್ಯಾರಿಸ್ಸಿನ ಪಂಡಿತ ಬುರಿಡಾನನ ಹೆಸರನ್ನು ಆ ಕತ್ತೆಗೆ ಕಟ್ಟಿದ್ದಾರೆ. ಆದರೆ ಆತನ ಬರಹಗಳಲ್ಲಿ ಕತ್ತೆಯೇ ಇಲ್ಲ. ಹಸಿವು, ಬಾಯಾರಿಕೆಗಳು ಸಮವಾಗಿರುವ ಮನುಷ್ಯನೊಬ್ಬನ ಪ್ರಸ್ತಾಪ ಅರಿಸ್ಟಾಟಲನಲ್ಲಿಯೇ ಬರುತ್ತದೆ. ಸಂತ ತೋಮಾಸ್ ಅಕ್ವಿನಾಸರು ಈ ಆಕ್ಷೇಪವನ್ನು ಎತ್ತಿಕೊಂಡು, ಒಂದು ದೃಷ್ಟಿಯಿಂದ ಸಮವಾದ ಎರಡು ವಸ್ತುಗಳಲ್ಲಿ ಇನ್ನೊಂದು ದೃಷ್ಟಿಯಿಂದ ಮೇಲಾದುದನ್ನು ಕಂಡುಕೊಳ್ಳಲು ಮನುಷ್ಯನ ಇಚ್ಛೆಗೆ ಅಡ್ಡಿಯಿಲ್ಲ ಎಂದು ಉತ್ತರಿಸಿದರು. ನನಗೆ ಆ ಉತ್ತರ ಹಿಡಿಸುತ್ತದೆ. ಆದರೂ ಒಂದು ಅನುಮಾನ ಉಳಿಯುತ್ತದೆ. ನಾವು ಮೊದಲೇ ಒಂದು ಕಡೆಗೆ ವಾಲಿಕೊಂಡಿದ್ದು, ಆಮೇಲೆ ಆ ಕಡೆಗೆ ‘ಮೇಲಾದುದು’ ಎಂಬ ಕಾರಣವನ್ನು ಹುಡುಕಿ ಅಂಟಿಸಿರುವುದಿಲ್ಲವೆ?

ಈ ಅನುಮಾನವೇ ನನ್ನನ್ನು ಬರೆಯಲು ಕೂರಿಸಿತು. ನಮ್ಮ ಕ್ರೈಸ್ತ ಮನೆಗಳಲ್ಲಿ ‘ಎಲ್ಲ ಮಕ್ಕಳೂ ನಮಗೆ ಸಮ’ ಎಂಬ ಮಾತು ಧಾರಾಳವಾಗಿ ಕೇಳಿಬರುತ್ತದೆ. ಸುಳ್ಳು ಹೇಳುತ್ತಿದ್ದೇವೆ ಎಂದುಕೊಂಡು ಯಾರೂ ಹಾಗೆ ಹೇಳುವುದಿಲ್ಲ. ಆದರೆ ಸಮವಾಗಿ ಕಾಣುವುದು ನಿಜವಾಗಿಯೂ ಸಮವಾಗಿದೆಯೆ ಎಂದು ಪರೀಕ್ಷಿಸುವ ಬಗೆ ಯಾವುದು? ಮನಸ್ಸನ್ನು ಕೇಳಿದರೆ ಅದು ತನ್ನ ಪರವಾಗಿಯೇ ಸಾಕ್ಷಿ ನುಡಿಯುತ್ತದೆ. ಇದೇ ಪ್ರಶ್ನೆಯನ್ನು ಕಲ್ಲುಹರಳುಗಳಿಗೆ ಕೇಳುತ್ತ ಬಂದವರಿದ್ದಾರೆ. ಅವರ ವಿಧಾನದಿಂದ ನಾವು ಕಲಿಯಬೇಕಾದದ್ದು ಬಹಳವಿದೆ. ಆ ಕೆಲಸದ ಒಂದು ಮುಖ್ಯ ಅಧ್ಯಾಯ ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತೆಂಬುದು ಹೆಮ್ಮೆಯ ಸಂಗತಿ.

ಸರ್ ಸಿ. ವಿ. ರಾಮನ್ ಅವರ ಹೆಸರು ಕೇಳದವರಿಲ್ಲ. ೧೯೨೮ರಲ್ಲಿ ಕಲ್ಕತ್ತೆಯಲ್ಲಿ ಅವರು ಕಂಡುಹಿಡಿದ ಪರಿಣಾಮಕ್ಕೆ ೧೯೩೦ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ೧೯೩೩ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ವಸ್ತುವಿನ ಮೇಲೆ ಒಂದು ಬಣ್ಣದ ಬೆಳಕನ್ನು ಬಿಟ್ಟರೆ ಚದರಿ ಬರುವ ಬೆಳಕಿನಲ್ಲಿ ಸ್ವಲ್ಪಾಂಶ ಬಣ್ಣ ಬದಲಿಸಿಕೊಂಡು ಬರುತ್ತದೆ. ಎಷ್ಟು ಬದಲಾಯಿತೆಂದು ಅಳೆದರೆ ಆ ವಸ್ತುವಿನೊಳಗಿನ ಅಣುಗಳು ಯಾವ ಯಾವ ಸ್ವರದಲ್ಲಿ ಕಂಪಿಸುತ್ತಿವೆ ಎಂಬುದು ತಿಳಿಯುತ್ತದೆ. ರಾಮನ್ ಪರಿಣಾಮವೆಂದರೆ ಇದೇ.

ಬೆಂಗಳೂರಿನಲ್ಲಿ ರಾಮನ್ನರೂ ಅವರ ಶಿಷ್ಯರಾದ ಟಿ. ಎಂ. ಕೆ. ನೆಡುಂಗಾಡಿಯವರೂ ಬೆಣಚುಕಲ್ಲಿನ ಹರಳನ್ನು, ಅಂದರೆ ಕ್ವಾರ್ಟ್ಜನ್ನು ಆರಿಸಿಕೊಂಡರು. ಹೊಲದ ಬದುವಿನಲ್ಲಿ ಬಿಳಿಯಾಗಿ ಹೊಳೆಯುವ ಅದೇ ಬೆಣಚಿನ ಶುದ್ಧ ಹರಳು ಅದು. ಈ ಹರಳನ್ನು ಕಾಯಿಸುತ್ತ ಹೋದರೆ ೫೭೩ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅದರ ಒಳಗಟ್ಟು ಬದಲಾಗುತ್ತದೆ. ಅದಕ್ಕಿಂತ ಬಿಸಿಯಿರುವಾಗ ಹೆಚ್ಚು ಸಮಮಿತಿ, ತಣ್ಣಗಾದಾಗ ಕಡಿಮೆ ಸಮಮಿತಿ. ಕಾಯಿಸುತ್ತ, ಚದರಿ ಬಂದ ಬೆಳಕನ್ನು ಪರಿಶೀಲಿಸುತ್ತ ಹೋದಂತೆ ಅವರಿಗೆ ವಿಚಿತ್ರವೊಂದು ಕಂಡಿತು. ಹರಳಿನ ಎಲ್ಲ ಕಂಪನಗಳ ಗೆರೆಗಳೂ ಹೆಚ್ಚುಕಡಿಮೆ ತಮ್ಮ ಜಾಗದಲ್ಲಿ ನಿಂತಿದ್ದವು. ಒಂದು ಗೆರೆ ಮಾತ್ರ ಸರಿಯತೊಡಗಿತು, ಹರಡಿಕೊಂಡಿತು, ಮಸುಕಾಯಿತು. ಅಂದರೆ ಒಂದು ಕಂಪನ ಮಾತ್ರ ನಿಧಾನವಾಗುತ್ತ, ಸಡಿಲವಾಗುತ್ತ ಬಂದಿತ್ತು. ೧೯೪೦ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದ ಅವರು, ಹರಳಿನ ರೂಪಾಂತರಕ್ಕೆ ಈ ಒಂದು ಕಂಪನವೇ ದಾರಿ ಮಾಡಿಕೊಡುತ್ತದೆ ಎಂದು ಸೂಚಿಸಿದರು. ಇದರ ಪೂರ್ಣ ಸಿದ್ಧಾಂತ ರೂಪುಗೊಂಡು ‘ಮೃದು ಕಂಪನ’ ಎಂಬ ಕಲ್ಪನೆಯನ್ನು ಜಗತ್ತು ಒಪ್ಪಿಕೊಂಡದ್ದು ೧೯೬೦ರ ಸುಮಾರಿಗೆ, ಇಪ್ಪತ್ತು ವರ್ಷಗಳ ನಂತರ.

ಸವಾಯಿ ಗಂಧರ್ವರು ಭೀಮಸೇನ ಜೋಶಿಯವರಿಗೂ ಗಂಗೂಬಾಯಿ ಹಾನಗಲ್ಲರಿಗೂ ಪಾಠ ಹೇಳಿದ ಕುಂದಗೋಳದ ನೆರೆಹೊರೆಯವರು ನೀವು. ನಾಲ್ಕು ತಂತಿಗಳ ತಂಬೂರಿಯಲ್ಲಿ ಮೂರು ಬಿಗಿಯಾಗಿದ್ದು ಒಂದು ಇಳಿಯುತ್ತ ಹೋದರೆ ಅದನ್ನು ಕಿವಿಯುಳ್ಳವರು ಮೊದಲೇ ಗುರುತಿಸುತ್ತಾರೆ. ಮುರಿತವು ಸದ್ದುಮಾಡುವ ಮುನ್ನವೇ ಒಂದು ಸ್ವರ ಸಡಿಲಗೊಂಡಿರುತ್ತದೆ.

ಇನ್ನು ಆ ಹರಳು ಮತ್ತೆ ತಣಿಯುವಾಗಿನ ಕಥೆ. ಬಿಸಿಯಲ್ಲಿ ಸಮಮಿತಿಯಿಂದಿದ್ದ ಒಳಗಟ್ಟು ೫೭೩ ಡಿಗ್ರಿಯ ಕೆಳಗೆ ಬಂದಾಗ ಎರಡು ಬಗೆಯಲ್ಲಿ ವಾಲಬಹುದು. ಎರಡೂ ಸರಿಸಮಾನ. ನಿಯಮಕ್ಕೆ ಇದೂ ಅಷ್ಟೆ, ಅದೂ ಅಷ್ಟೆ. ಒಂದೇ ಹರಳಿನ ಒಂದು ಭಾಗ ಹೀಗೆ, ಇನ್ನೊಂದು ಭಾಗ ಹಾಗೆ ವಾಲಿಕೊಂಡು ಜೋಡಿಹರಳಾಗುವುದೂ ಉಂಟು. ಕಣ್ಣಿಗೆ ಆ ಜೋಡಿ ಒಂದೇ ಹರಳು. ಖನಿಜ ಪರೀಕ್ಷಕರು ಬಳಸುವ ಧ್ರುವೀಕೃತ ಬೆಳಕಿನಲ್ಲಿ ನೋಡಿದರೂ ಎರಡು ಭಾಗಗಳ ನಡುವಿನ ಗಡಿ ಕಾಣಿಸುವುದಿಲ್ಲ. ಆದರೆ ಕೆಲಸಕ್ಕೆ ಹಚ್ಚಿದಾಗ ಬಣ್ಣ ಬಯಲಾಗುತ್ತದೆ. ನಿಮ್ಮ ಮಣಿಕಟ್ಟಿನ ಗಡಿಯಾರದಲ್ಲಿ ಬೆಣಚಿನ ಸಣ್ಣ ತುಂಡೊಂದು ಸೆಕೆಂಡಿಗೆ ೩೨,೭೬೮ ಸಲ ಕಂಪಿಸುತ್ತ ಕಾಲವನ್ನು ಎಣಿಸುತ್ತಿರುತ್ತದೆ. ಒತ್ತಿದರೆ ವಿದ್ಯುತ್ತನ್ನು ಹುಟ್ಟಿಸುವ ಬೆಣಚಿನ ಗುಣವೇ ಅದಕ್ಕೆ ಆಧಾರ. ಜೋಡಿಹರಳಿನಲ್ಲಿ ಒಂದು ಭಾಗ ಹುಟ್ಟಿಸಿದ್ದನ್ನು ಇನ್ನೊಂದು ಭಾಗ ಅಳಿಸಿಹಾಕುತ್ತದೆ. ಹೊರಗೆ ನಿರ್ಮಲವಾಗಿ ಕಂಡ ಆ ಹರಳು ಗಡಿಯಾರಕ್ಕೆ ಬರುವುದಿಲ್ಲ.

ಸಾಮಾನ್ಯ ಬೆಳಕಿಗೆ ಏಕೆ ಇದು ಕಾಣುವುದಿಲ್ಲ? ಬೆಳಕು ಮಂದವಾಗಿದೆ, ಹಾಗಾಗಿ ಕಾಣುತ್ತಿಲ್ಲ ಎಂದುಕೊಳ್ಳಬೇಡಿ. ವಿಷಯ ಅದಕ್ಕಿಂತ ಆಳವಾದದ್ದು. ಸಾಮಾನ್ಯ ಬೆಳಕು ವಸ್ತುವನ್ನು ಮೆಲ್ಲನೆ ಮುಟ್ಟುತ್ತದೆ. ವಸ್ತುವೂ ಮುಟ್ಟಿದಷ್ಟಕ್ಕೆ ಅಷ್ಟೇ ಉತ್ತರ ಕೊಡುತ್ತದೆ. ಎರಡರಷ್ಟು ಬೆಳಕಿಗೆ ಎರಡರಷ್ಟು ಉತ್ತರ. ಈ ಬಗೆಯ ಸಂಭಾಷಣೆಯಲ್ಲಿ ಕೆಲವು ಗುಟ್ಟುಗಳು ಹೊರಬರುವ ಅವಕಾಶವೇ ಇಲ್ಲ. ಅಡುಗೆಮನೆಯ ಹರಳುಪ್ಪನ್ನೇ ತೆಗೆದುಕೊಳ್ಳಿ. ಅದರ ಅಣುಗಳು ಘನಾಕೃತಿಯಲ್ಲಿ ಅಚ್ಚುಕಟ್ಟಾಗಿ ಕುಳಿತಿವೆ. ಒಂದು ದಿಕ್ಕಿಗೂ ಇನ್ನೊಂದು ದಿಕ್ಕಿಗೂ ವ್ಯತ್ಯಾಸವಿದೆ. ಆದರೂ ಅದರೊಳಗೆ ಹಾಯುವ ಸಾಮಾನ್ಯ ಬೆಳಕಿಗೆ ಎಲ್ಲ ದಿಕ್ಕೂ ಒಂದೇ. ದಿಕ್ಕುಗಳ ಮಟ್ಟಿಗೆ ಉಪ್ಪು ಆ ಬೆಳಕಿಗೆ ಗಾಜಿನಂತೆಯೇ ತೋರುತ್ತದೆ.

ಕಲಘಟಗಿಯ ಬಣ್ಣದ ತೊಟ್ಟಿಲನ್ನು ಕಣ್ಣಮುಂದೆ ತಂದುಕೊಳ್ಳಿ. ಅದನ್ನು ತೂಗುಹಾಕಿದ ಒಂದು ಬದಿಯಲ್ಲಿ ಏನೋ ಒಂದು ಸಣ್ಣ ಅಡ್ಡಿಯಿದೆ ಎಂದಿಟ್ಟುಕೊಳ್ಳೋಣ. ಕೂಸು ಮಲಗಿರುವಾಗ ತಾಯಿ ಬೆರಳತುದಿಯಿಂದ ತೂಗುತ್ತಾಳೆ. ತೊಟ್ಟಿಲು ಅತ್ತಲೂ ಇತ್ತಲೂ ಸಮವಾಗಿಯೇ ಹೋಗಿಬರುತ್ತದೆ. ಕೂಸನ್ನು ಎತ್ತಿಕೊಂಡ ಮೇಲೆ ಹುಡುಗರು ಬಂದು ಜೋರಾಗಿ ತೂಗಿದಾಗ ತೊಟ್ಟಿಲು ಒಂದು ಕಡೆ ದೂರ ಹೋಗಿ ಇನ್ನೊಂದು ಕಡೆ ಮೊಟಕಾಗುವುದು ಕಣ್ಣಿಗೆ ಬೀಳುತ್ತದೆ. ಹೀಗೆ ಎಡಬಲಗಳು ಸಮವಿಲ್ಲದ ತೂಗಾಟದಲ್ಲಿ ಮೂಲ ಲಯದ ಜೊತೆಗೆ ಅದರ ಇಮ್ಮಡಿ ವೇಗದ ಇನ್ನೊಂದು ಲಯ ಸೇರಿಕೊಂಡಿರುತ್ತದೆ. ಎಡಬಲಗಳು ನಿಜವಾಗಿಯೂ ಸಮವಾಗಿದ್ದರೆ ಎಷ್ಟು ಜೋರಾಗಿ ತೂಗಿದರೂ ಆ ಇಮ್ಮಡಿ ಲಯ ಹುಟ್ಟುವುದೇ ಇಲ್ಲ. ಪ್ರಬಲ ಬೆಳಕಿನಿಂದ ವಸ್ತುವನ್ನು ಹೀಗೆ ತೂಗಿ ನೋಡುವ ಶಾಸ್ತ್ರವೇ ಅರೇಖೀಯ ದ್ಯುತಿವಿಜ್ಞಾನ. ಹೆಸರು ಕಠಿಣ, ತತ್ವ ತೊಟ್ಟಿಲಿನದು.

ಅಷ್ಟು ಪ್ರಬಲವಾದ ಬೆಳಕು ದೊರೆತದ್ದು ೧೯೬೦ರಲ್ಲಿ, ಮೈಮನ್ ಎಂಬ ವಿಜ್ಞಾನಿ ಮೊದಲ ಲೇಸರನ್ನು ಬೆಳಗಿಸಿದಾಗ. ಮರುವರ್ಷವೇ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಫ್ರಾಂಕೆನ್ ಮತ್ತು ಸಂಗಡಿಗರು ಮಾಣಿಕ್ಯದ ಲೇಸರಿನ ಕೆಂಪು ಬೆಳಕನ್ನು ಹರಳೊಂದರ ಮೂಲಕ ಹಾಯಿಸಿದರು. ಹರಳು ಯಾವುದು ಗೊತ್ತೆ? ಅದೇ ಬೆಣಚು. ಒಳಗೆ ಹೋದದ್ದು ೬೯೪ ನ್ಯಾನೋಮೀಟರಿನ ಕೆಂಪು. ಹೊರಬಂದದ್ದರಲ್ಲಿ ಅದರ ಅರ್ಧದಷ್ಟು, ೩೪೭ ನ್ಯಾನೋಮೀಟರಿನ, ಕಣ್ಣಿಗೆ ಕಾಣದ ಅತಿನೇರಳೆ ಬೆಳಕು ಅತ್ಯಲ್ಪವಾಗಿ ಬೆರೆತಿತ್ತು. ಅಲೆಯ ಉದ್ದ ಅರ್ಧವಾಯಿತೆಂದರೆ ಕಂಪನದ ವೇಗ ಇಮ್ಮಡಿಯಾಯಿತೆಂದರ್ಥ. ಛಾಯಾಫಲಕದ ಮೇಲೆ ಅದು ಒಂದು ಸಣ್ಣ ಚುಕ್ಕೆಯಾಗಿ ಮೂಡಿತ್ತು. ಆ ಚಿತ್ರವನ್ನು ಪತ್ರಿಕೆಗೆ ಕಳಿಸಿದರು. ಅಚ್ಚಾಗಿ ಬಂದಾಗ ಬಾಣದ ಗುರುತಿತ್ತು, ಚುಕ್ಕೆಯಿರಲಿಲ್ಲ! ಯಾವುದೋ ಕೊಳೆ ಅಂಟಿದೆಯೆಂದು ತಿಳಿದು ಮುದ್ರಣದ ಸಿದ್ಧತೆಯಲ್ಲಿ ಅದನ್ನು ಅಳಿಸಿಬಿಟ್ಟರೆಂದು ಭೌತವಿಜ್ಞಾನಿಗಳು ಇಂದಿಗೂ ನಗುತ್ತ ಹೇಳಿಕೊಳ್ಳುತ್ತಾರೆ. ಈ ಚುಕ್ಕೆಯನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ. (ಜಾತ್ರೆಗಳಲ್ಲಿ ಹುಡುಗರು ಗೋಪುರಕ್ಕೆ ಬಿಡುವ ಹಸಿರು ಲೇಸರಿನ ಕಡ್ಡಿಗಳಲ್ಲಿ ಬಹಳಷ್ಟು ಇದೇ ತತ್ವದವು. ಕಣ್ಣಿಗೆ ಕಾಣದ ಕೆಂಪಾಚೆಯ ಬೆಳಕನ್ನು ಒಳಗಿನ ಹರಳೊಂದು ಇಮ್ಮಡಿಸಿ ಹಸಿರಾಗಿಸುತ್ತದೆ. ಅದನ್ನು ಯಾರ ಕಣ್ಣಿಗೂ ಬಿಡಬಾರದೆಂದು ಮಕ್ಕಳಿಗೆ ತಿಳಿಸಿ.)

ಈಗ ಈ ವಿದ್ಯೆ ಬಹುದೂರ ಬಂದಿದೆ. ಇಲೆಕ್ಟ್ರಾನುಗಳು ಒಂದೊಂದಾಗಿ ನಡೆಯದೆ ಗುಂಪಾಗಿ, ಪರಸ್ಪರರನ್ನು ನೋಡಿಕೊಂಡು ನಡೆಯುವ ವಿಚಿತ್ರ ಹರಳುಗಳಿವೆ. ಇವನ್ನು ಕ್ವಾಂಟಮ್ ವಸ್ತುಗಳೆನ್ನುತ್ತಾರೆ. ಇವುಗಳ ಒಳಗೆ ನಡೆಯುವ ಸಮಮಿತಿ ಭಂಗ ಎಷ್ಟೋ ಸಲ ಎಕ್ಸ್‌ರೇಗೂ ಸಿಕ್ಕುವುದಿಲ್ಲ. ಯುರೇನಿಯಂ, ರುಥೇನಿಯಂ, ಸಿಲಿಕಾನ್ ಸೇರಿದ ಒಂದು ಹರಳಿನಲ್ಲಿ ಪರಮಶೂನ್ಯಕ್ಕಿಂತ ಹದಿನೇಳೂವರೆ ಡಿಗ್ರಿ ಮೇಲೆ ಯಾವುದೋ ಒಂದು ವ್ಯವಸ್ಥೆ ಏರ್ಪಡುತ್ತದೆಂದು ೧೯೮೫ರಲ್ಲಿಯೇ ತಿಳಿಯಿತು. ಯಾವ ವ್ಯವಸ್ಥೆ ಎಂಬ ವಾದ ಇನ್ನೂ ಮುಗಿದಿಲ್ಲ. ಅದಕ್ಕೆ ‘ಮರೆಯ ವ್ಯವಸ್ಥೆ’ ಎಂದೇ ಹೆಸರು. ಇಂತಹ ಹರಳುಗಳ ಮೇಲೆ ಲೇಸರನ್ನು ಬಿಟ್ಟು, ಬೆಳಕಿನ ದಿಕ್ಕನ್ನು ಹರಳಿನ ಸುತ್ತ ತಿರುಗಿಸುತ್ತ, ಪ್ರತಿ ಕೋನದಲ್ಲಿಯೂ ಎಷ್ಟು ಇಮ್ಮಡಿ ಬೆಳಕು ಬಂದಿತೆಂದು ಅಳೆದು ವೃತ್ತದಲ್ಲಿ ಬರೆದರೆ ಅಂಗಳದ ರಂಗೋಲಿಯಂತೆ ದಳಗಳುಳ್ಳ ಒಂದು ಹೂ ಮೂಡುತ್ತದೆ. ಎಲ್ಲ ದಳಗಳೂ ಒಂದೇ ಅಳತೆಯವಾದರೆ ಸಮಮಿತಿ ಉಳಿದಿದೆ. ಒಂದು ದಳ ದಪ್ಪಗಾಗಿ ಎದುರಿನದು ಸೊರಗಿದರೆ ಒಳಗೆ ಏನೋ ಮುರಿದಿದೆ.

ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯ ಡೇವಿಡ್ ಶೇ ಅವರ ತಂಡ ೨೦೧೭ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಒಂದು ಕೆಲಸ ನನಗೆ ಬಹಳ ಮುಖ್ಯವೆನಿಸಿದೆ. ಕ್ಯಾಡ್ಮಿಯಂ, ರೀನಿಯಂ, ಆಮ್ಲಜನಕಗಳ ಒಂದು ಹರಳು ಸೊನ್ನೆಗಿಂತ ಸುಮಾರು ೭೩ ಡಿಗ್ರಿ ಸೆಲ್ಸಿಯಸ್ ಕೆಳಗೆ ತಣಿದಾಗ ಅದರ ಅಣುಗಳ ಕಟ್ಟಡ ಸ್ವಲ್ಪ ಸೊಟ್ಟಗಾಗುತ್ತದೆ ಎಂಬುದು ಮೊದಲೇ ಗೊತ್ತಿತ್ತು. ಅದೇ ಮೂಲವೆಂದು ಭಾವಿಸಲಾಗಿತ್ತು. ಇಮ್ಮಡಿ ಬೆಳಕಿನ ಹೂವನ್ನು ಸೂಕ್ಷ್ಮವಾಗಿ ಓದಿದಾಗ ಬೇರೆಯೇ ಚಿತ್ರ ಬಂದಿತು. ಇಲೆಕ್ಟ್ರಾನುಗಳೇ ತಮ್ಮೊಳಗೆ ಮೊದಲು ಪಕ್ಷ ಕಟ್ಟಿಕೊಂಡಿದ್ದವು. ಕಟ್ಟಡ ಸೊಟ್ಟಗಾದದ್ದು ಅದರ ಪರಿಣಾಮ ಮಾತ್ರ. ಕಣ್ಣಿಗೆ ಬಿದ್ದದ್ದು ಕಾರಣವಾಗಿರಲಿಲ್ಲ.

ಇಲ್ಲಿಯವರೆಗೆ ತಾಳ್ಮೆಯಿಂದ ಬಂದಿದ್ದೀರಿ. ಈಗ ಹರಳನ್ನು ಬಿಟ್ಟು ಮನೆಗೆ ಬರೋಣ.

೧೯೨೫ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಕ್ರೈಸ್ತನೊಬ್ಬ ಉಯಿಲು ಬರೆಯದೆ ತೀರಿಕೊಂಡರೆ ಅವನ ಆಸ್ತಿಯಲ್ಲಿ ಮೂರನೆಯ ಒಂದು ಭಾಗ ಹೆಂಡತಿಗೆ. ಉಳಿದ ಎರಡು ಭಾಗ ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ, ಸಮಸಮ. ಕೇರಳದ ತಿರುವಾಂಕೂರಿನ ಕ್ರೈಸ್ತ ಹೆಣ್ಣುಮಕ್ಕಳು ಹಳೆಯ ಸಂಸ್ಥಾನದ ಕಾನೂನಿನಿಂದ ಈ ಸಮಪಾಲಿಗೆ ಎರವಾಗಿದ್ದರು. ಮೇರಿ ರಾಯ್ ಎಂಬ ದಿಟ್ಟ ಮಹಿಳೆ ಸುಪ್ರೀಂ ಕೋರ್ಟಿನವರೆಗೆ ಹೋಗಿ ೧೯೮೬ರಲ್ಲಿ ಗೆದ್ದ ಮೇಲೆ ಅವರಿಗೂ ಅದು ದೊರೆಯಿತು. ನಮಗೆ ಆ ಹೋರಾಟದ ಅಗತ್ಯವೂ ಬಿದ್ದಿರಲಿಲ್ಲ. ನಮ್ಮ ಮಟ್ಟಿಗೆ ಕಾನೂನು ಜಮಖಾನೆಯ ಪಗಡೆ ಹಾಸಿನಂತಿದೆ, ಯಾವ ತುದಿಯಿಂದ ನೋಡಿದರೂ ಒಂದೇ.

ಹಾಗಾದರೆ ನಮ್ಮ ಹೊಲಗಳ ಉತಾರಗಳಲ್ಲಿ ಹೆಣ್ಣುಮಕ್ಕಳ ಹೆಸರು ಎಷ್ಟಿವೆ? ನಿಮ್ಮ ಮನೆಯ ಉತಾರವನ್ನೇ ಒಮ್ಮೆ ತೆಗೆದು ನೋಡಿ. ತಂದೆ ತೀರಿಕೊಂಡ ಕೆಲವು ತಿಂಗಳಿಗೆ ವಾರಸಾ ಹಚ್ಚಿಸುವ ಮಾತು ಬರುತ್ತದೆ. ಅಕ್ಕತಂಗಿಯರನ್ನು ತವರಿಗೆ ಕರೆಸಲಾಗುತ್ತದೆ. ಹೋಳಿಗೆಯ ಊಟವಾಗುತ್ತದೆ. ಮರುದಿನ ಎಲ್ಲರೂ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿ ಬರುತ್ತಾರೆ. ‘ಅವರೇ ಖುಷಿಯಿಂದ ಬಿಟ್ಟುಕೊಟ್ಟರು’ ಎಂದು ಅಣ್ಣತಮ್ಮಂದಿರು ಹೇಳುತ್ತಾರೆ. ಅದೂ ಸುಳ್ಳಲ್ಲವೆಂದೇ ಇಟ್ಟುಕೊಳ್ಳೋಣ. ನಿಜವಾಗಿಯೂ ಖುಷಿಯಿಂದ ಬಿಟ್ಟುಕೊಟ್ಟ ಅಕ್ಕಂದಿರು ಬೇಕಾದಷ್ಟು ಇದ್ದಾರೆ. ಆದರೆ ಅದು ಖುಷಿಯೆಂದು ತಿಳಿದದ್ದು ಯಾವ ಬೆಳಕಿನಲ್ಲಿ?

ಹಬ್ಬದ ದಿನಗಳು, ಮದುವೆಯ ಪಂಕ್ತಿ, ಕ್ರಿಸ್ಮಸ್ಸಿನ ಸೀರೆ, ಇವೆಲ್ಲ ಸಾಮಾನ್ಯ ಬೆಳಕು. ಈ ಬೆಳಕಿನಲ್ಲಿ ಮಗಳು ಮಗನಷ್ಟೇ, ಕೆಲವೊಮ್ಮೆ ಹೆಚ್ಚೇ. ಮೆಲ್ಲನೆ ಮುಟ್ಟಿದರೆ ಕುಟುಂಬ ಮೆಲ್ಲನೆ ಉತ್ತರ ಕೊಡುತ್ತದೆ. ಪ್ರಬಲ ಬೆಳಕೆಂದರೆ ಆಸ್ತಿಯ ವಾಟ್ನಿ, ಮಳೆ ಕೈಕೊಟ್ಟ ವರ್ಷ, ಗಂಡನನ್ನು ಕಳೆದುಕೊಂಡು ಎರಡು ಮಕ್ಕಳೊಂದಿಗೆ ಮರಳಿ ಬಂದ ಮಗಳು. ಆಗ ತೊಟ್ಟಿಲು ಯಾವ ಕಡೆಗೆ ಮೊಟಕಾಗುತ್ತದೆ ಎಂದು ನೋಡಬೇಕು. ಪತ್ರಕ್ಕೆ ಸಹಿ ಹಾಕುವ ಮುನ್ನ ಅವಳು ಒಂದು ಗಳಿಗೆ ತಡೆದಿರುತ್ತಾಳೆ. ಪೆನ್ನನ್ನು ಕೈಯಲ್ಲಿ ಹಿಡಿದು, ‘ಅಣ್ಣಾ, ನನಗ ಮುಂದ ಏನರ ತ್ರಾಸ ಬಂದ್ರ?’ ಎಂದು ಅರ್ಧ ಮಾತು ಆಡಿರುತ್ತಾಳೆ. ಅದೇ ಆ ಚುಕ್ಕೆ. ಅದನ್ನು ಕೊಳೆಯೆಂದು ತಿಳಿದು ನಾವು ಒರೆಸಿಬಿಡುತ್ತೇವೆ. ‘ಅವಳೇನೋ ಅಂದಳು, ಬಿಡು’ ಎನ್ನುತ್ತೇವೆ. ಕುಟುಂಬದ ಕಥೆ ಅಚ್ಚಾಗುವಾಗ ಬಾಣ ಉಳಿಯುತ್ತದೆ, ಚುಕ್ಕೆ ಇರುವುದಿಲ್ಲ.

ಇನ್ನೊಂದು ಮಾತು. ಹಕ್ಕು ಬಿಟ್ಟ ಪತ್ರವನ್ನೇ ಪಾಪವೆಂದು ಬೈಯುವವರಿದ್ದಾರೆ. ರೀನಿಯಂ ಹರಳು ನಮಗೆ ಬೇರೆ ಹೇಳುತ್ತದೆ. ಪತ್ರ ಎಂಬುದು ಕಟ್ಟಡ ಸೊಟ್ಟಗಾದದ್ದು, ಕಣ್ಣಿಗೆ ಬೀಳುವ ಕೊನೆಯ ಪರಿಣಾಮ. ಪಕ್ಷ ಕಟ್ಟಿದ್ದು ಬಹಳ ಮೊದಲು, ಅಡುಗೆಮನೆಯಲ್ಲಿ ಯಾರು ಕೊನೆಗೆ ಉಂಡರೋ ಆಗ, ಏಳನೆಯ ಇಯತ್ತೆಯ ನಂತರ ಊರಾಚೆಯ ಹೈಸ್ಕೂಲಿಗೆ ಯಾರನ್ನು ಕಳಿಸಿ ಯಾರನ್ನು ನಿಲ್ಲಿಸಿದೆವೋ ಆಗ, ‘ನೀನು ಹೋಗುವವಳು’ ಎಂಬ ಮಾತನ್ನು ಪ್ರೀತಿಯಿಂದಲೇ ನೂರು ಸಲ ಹೇಳಿದೆವೋ ಆಗ. ಮೂವತ್ತು ವರ್ಷ ಆ ಮಾತನ್ನು ಕೇಳಿ ಬೆಳೆದವಳು ಸಹಿ ಹಾಕುವಾಗ ಒತ್ತಾಯ ಮಾಡುವ ಅಗತ್ಯವೇ ಬೀಳುವುದಿಲ್ಲ. ಬೆಂಗಳೂರಿನ ಆ ಹರಳಿನಂತೆ ಒಂದು ಸ್ವರ ಮೊದಲಿನಿಂದಲೂ ಸಡಿಲಗೊಳ್ಳುತ್ತ ಬಂದಿತ್ತು. ಕೇಳಿಸಿಕೊಳ್ಳುವವರಿರಲಿಲ್ಲ, ಅಷ್ಟೆ.

ಊರಿನ ಮಟ್ಟದಲ್ಲಿ ಮಾತನಾಡುವಾಗ ನಾವು ಸರಾಸರಿಯ ಆಶ್ರಯ ಪಡೆಯುತ್ತೇವೆ. ಜೋಡಿಹರಳನ್ನು ನೆನೆಯಿರಿ. ಒಂದು ಭಾಗದಿಂದ ಬಂದ ಇಮ್ಮಡಿ ಬೆಳಕು ಇನ್ನೊಂದು ಭಾಗದ ಬೆಳಕನ್ನು ಅಳಿಸಬಲ್ಲದು. ದೊಡ್ಡ ಕಿರಣವನ್ನು ಇಡೀ ಹರಳಿನ ಮೇಲೆ ಬಿಟ್ಟರೆ ‘ಇಲ್ಲೇನೂ ಮುರಿದಿಲ್ಲ’ ಎಂಬ ಉತ್ತರ ಬರಬಹುದು. ಕಿರಣವನ್ನು ಕೂದಲೆಳೆಯಷ್ಟು ಕಿರಿದಾಗಿಸಿ ಒಂದೊಂದು ಜಾಗವನ್ನೂ ಬೇರೆಬೇರೆಯಾಗಿ ನೋಡಬೇಕು. ನಮ್ಮ ಧರ್ಮಕೇಂದ್ರದಲ್ಲಿ ಹೆಣ್ಣುಮಕ್ಕಳೇ ಹೆಚ್ಚು ಓದಿದ್ದಾರೆ, ನಮ್ಮ ಮಹಿಳೆಯರು ಸಂಘ ನಡೆಸುತ್ತಿದ್ದಾರೆ ಎಂಬ ಮಾತುಗಳು ನಿಜವೇ ಇರಬಹುದು. ಮೂರನೆಯ ಓಣಿಯ ನಾಲ್ಕನೆಯ ಮನೆಯ ಹೆಣ್ಣುಮಗಳ ಬಗೆಗೆ ಅವು ಏನನ್ನೂ ಹೇಳುವುದಿಲ್ಲ. ನಿಯಮದ ಸಮತೆಯೂ ಹೀಗೆಯೇ ಮೋಸಮಾಡಬಲ್ಲದು. ೧೯೮೦ರ ಜುಲೈಯಲ್ಲಿ ನವಲಗುಂದ, ನರಗುಂದಗಳಲ್ಲಿ ರೈತರು ಎದ್ದು ನಿಂತದ್ದು ಏತಕ್ಕೆಂದು ಹಿರಿಯರನ್ನು ಕೇಳಿ. ಮಲಪ್ರಭಾ ಕಾಲುವೆಯ ಅಚ್ಚುಕಟ್ಟಿನ ಹೊಲಗಳಿಗೆಲ್ಲ ಬೆಟರ್‌ಮೆಂಟ್ ಲೆವಿ ಎಂಬ ಕರ ಬಿದ್ದಿತ್ತು. ನೀರು ಬಂದವರಿಗೂ ಬಾರದವರಿಗೂ ಲೆಕ್ಕದ ಪುಸ್ತಕದಲ್ಲಿ ವ್ಯತ್ಯಾಸವಿರಲಿಲ್ಲ. ಕಾಗದದ ಮೇಲೆ ಅದಕ್ಕಿಂತ ಸಮವಾದದ್ದು ಮತ್ತೊಂದಿಲ್ಲ!

ಹಾಗಾದರೆ ಸಮಮಿತಿ ಭಂಗವೆಲ್ಲ ಕೆಡುಕೆ? ಹಾಗೆ ಹೇಳಿದರೆ ಅದು ಅರೆಸತ್ಯವಾಗುತ್ತದೆ. ದ್ರವದ ಅಣುಗಳು ಎಲ್ಲ ದಿಕ್ಕಿಗೂ ಸಮವಾಗಿ ಚದರಿಕೊಂಡಿರುತ್ತವೆ. ಅವು ಒಂದು ದಿಕ್ಕನ್ನು ಆರಿಸಿಕೊಂಡು ಸಾಲಾಗಿ ನಿಂತಾಗಲೇ ನಿಮ್ಮ ಕ್ಯಾಲ್ಕುಲೇಟರಿನ ಪರದೆಯಲ್ಲಿರುವ ದ್ರವಸ್ಫಟಿಕ ಉಂಟಾಗುತ್ತದೆ. ೧೯೭೭ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಮತ್ತು ಸಹೋದ್ಯೋಗಿಗಳು ಬಿಲ್ಲೆಯಾಕಾರದ ಅಣುಗಳು ಬುಟ್ಟಿಯಲ್ಲಿ ಜೋಡಿಸಿದ ಜೋಳದ ರೊಟ್ಟಿಗಳಂತೆ ಒಂದರ ಮೇಲೊಂದು ಕಂಬವಾಗಿ ನಿಲ್ಲುವ ಹೊಸ ಬಗೆಯ ದ್ರವಸ್ಫಟಿಕವನ್ನು ಕಂಡುಹಿಡಿದರು. ಮುರಿಯದೆ ಉಳಿದ ಸಮತೆಯಲ್ಲಿ ರೂಪವೇ ಇಲ್ಲ. ತಾನಾಗಿ ಉಂಟಾಗುವ ಈ ಭಂಗದ ತತ್ವವನ್ನು ಮೂಲಕಣಗಳ ಜಗತ್ತಿಗೆ ಅನ್ವಯಿಸಿದ ಯೋಇಚಿರೋ ನಂಬು ಅವರಿಗೆ ೨೦೦೮ರಲ್ಲಿ ನೊಬೆಲ್ ಬಂದಿತು. ಮನುಷ್ಯರಲ್ಲಿಯೂ ಹಾಗೆಯೇ. ಮದುವೆಯಾಗುವವನು ಎಲ್ಲ ಹೆಣ್ಣುಗಳನ್ನೂ ಸಮವಾಗಿ ನೋಡುತ್ತ ನಿಂತರೆ ಬುರಿಡಾನನ ಕತ್ತೆಯಾಗುತ್ತಾನೆ. ಪ್ರೀತಿ ಒಬ್ಬರನ್ನು ಆರಿಸಿಕೊಳ್ಳಲೇಬೇಕು. ಗುರುದೀಕ್ಷೆ ಪಡೆಯುವವನೂ ಒಂದು ದಾರಿಯನ್ನು ಹಿಡಿದು ಇನ್ನೆಲ್ಲ ದಾರಿಗಳನ್ನು ಬಿಡುತ್ತಾನೆ.

ವ್ಯತ್ಯಾಸವೆಲ್ಲಿದೆ ಎಂದು ನಾನು ಬಹಳ ಯೋಚಿಸಿದ್ದೇನೆ. ಹರಳು ಒಂದು ಕಡೆಗೆ ವಾಲಿದಾಗ ಆಯ್ಕೆಯಾಗದ ದಿಕ್ಕಿಗೆ ಅನ್ಯಾಯವಾಗುವುದಿಲ್ಲ. ದಿಕ್ಕಿಗೆ ಹಸಿವಿಲ್ಲ, ಮಕ್ಕಳಿಲ್ಲ. ಮನುಷ್ಯರ ಆಯ್ಕೆಯಲ್ಲಿ ಆಚೆ ಉಳಿದದ್ದು ಇನ್ನೊಂದು ಮುಖ. ಮತ್ತೂ ಒಂದು ವಿಷಯವಿದೆ. ಆರಿಸಲ್ಪಟ್ಟ ದಿಕ್ಕು ತಾನು ಶ್ರೇಷ್ಠವೆಂದು ಹೇಳಿಕೊಳ್ಳುವುದಿಲ್ಲ. ಹೇಳಿಕೊಳ್ಳಲು ಅದಕ್ಕೆ ಆಧಾರವೂ ಇಲ್ಲ, ನಿಯಮ ಅದರ ಪರವಾಗಿರಲೇ ಇಲ್ಲ. ಮಗನಾಗಿ ಹುಟ್ಟಿದವನಿಗೆ, ಕಾಲುವೆಯ ಮೇಲ್ತುದಿಯಲ್ಲಿ ಹೊಲವಿರುವವನಿಗೆ, ಇಂಥ ಕೇರಿಯಲ್ಲಿ ಹುಟ್ಟಿ ಇಂಥ ಕೇರಿಯಲ್ಲಿ ಹುಟ್ಟದವನಿಗೆ ದೊರೆತದ್ದು ಎರೆಹೊಲದ ಬಿರುಕು ಒಂದು ಮೊಳ ಆಚೆಗೆ ಬಿಟ್ಟದ್ದರಿಂದ ದೊರೆತದ್ದು. ದೊರೆತದ್ದು ತಪ್ಪಲ್ಲ. ಅದಕ್ಕೆ ಯೋಗ್ಯತೆಯೆಂದು ಹೆಸರಿಡುವುದು ತಪ್ಪು. ಅಕ್ವಿನಾಸರ ಉತ್ತರದ ಬಗ್ಗೆ ಮೊದಲು ಹೇಳಿದ ನನ್ನ ಅನುಮಾನವೂ ಇದೇ ಆಗಿತ್ತು.

ಪ್ರಬಲ ಬೆಳಕನ್ನು ಬಳಸುವವರಿಗೆ ವಿಜ್ಞಾನಿಗಳ ಒಂದು ಎಚ್ಚರಿಕೆಯೂ ಇದೆ. ಅಷ್ಟು ತೀವ್ರವಾದ ಲೇಸರನ್ನು ಎಡೆಬಿಡದೆ ಬಿಟ್ಟರೆ ಹರಳೇ ಸುಟ್ಟುಹೋಗುತ್ತದೆ, ಗುಟ್ಟು ಅದರೊಂದಿಗೇ ಹೋಗುತ್ತದೆ. ಆದುದರಿಂದ ಅವರು ಬೆಳಕನ್ನು ಫೆಮ್ಟೊಸೆಕೆಂಡುಗಳ ಲೆಕ್ಕದಲ್ಲಿ, ಅಂದರೆ ಅತ್ಯಂತ ಸಣ್ಣ ಅವಧಿಯ ಮಿಡಿತಗಳಾಗಿ ಬಿಡುತ್ತಾರೆ. ತಂದೆಯ ಮಣ್ಣಿನ ದಿನವೇ ಪಾಲಿನ ಮಾತೆತ್ತಿ ಓಣಿಯೆಲ್ಲ ಕೇಳುವಂತೆ ಸತ್ಯ ಹೇಳುವವರು, ಪ್ರವಚನ ಪೀಠದಿಂದ ಒಂದು ಕುಟುಂಬದತ್ತ ಬೆರಳು ಮಾಡುವ ನಮ್ಮಂಥವರೂ ಇದನ್ನು ಗಮನಿಸಬೇಕು.

ಹಾಗಾದರೆ ಅಣ್ಣನಾದವನು ಏನು ಮಾಡಬಹುದು? ಕೆಲವು ಮನೆಗಳಲ್ಲಿ ನಡೆದದ್ದನ್ನು ನೋಡಿ ಹೇಳುತ್ತೇನೆ. ಹಕ್ಕು 
ಬಿಟ್ಟ ಪತ್ರ ಬರೆಸುವ ಮೊದಲು ವಾರಸಾದಲ್ಲಿ ತಾಯಿಯ ಹೆಸರೂ ಎಲ್ಲ ಮಕ್ಕಳ ಹೆಸರೂ ಉತಾರಕ್ಕೆ ಏರಲಿ. ಕಾನೂನು ಕೊಟ್ಟ ಸಮತೆ ಒಂದು ಸುಗ್ಗಿಯ ಕಾಲವಾದರೂ ಕಾಗದದ ಮೇಲೆ ನಿಲ್ಲಲಿ. ಆಮೇಲೆ ತಂಗಿಯನ್ನು ತವರಿಗೆ ಕರೆಸಬೇಡಿ, ಅವಳ ಮನೆಗೆ ನೀವು ಹೋಗಿ. ಅವಳ ಒಲೆಯ ಮುಂದೆ, ಅವಳ ನೆಲದ ಮೇಲೆ ಕುಳಿತು, ‘ಇದು ನಿನ್ನ ಪಾಲು, ಇಷ್ಟು ಎಕರೆ, ಇಷ್ಟು ಬೆಲೆ’ ಎಂದು ಲೆಕ್ಕ ಹೇಳಿ. ಬೇಡವೆನ್ನಲು ಅವಳಿಗೆ ಎಷ್ಟು ಸುಲಭವೋ ಬೇಕೆನ್ನಲೂ ಅಷ್ಟೇ ಸುಲಭವಾಗಿರುವ ಜಾಗ ಅದೊಂದೇ. ಅವಳು ಕೂಡಲೇ ಉತ್ತರ ಕೊಡದೆ ಒಲೆಯ ಕಡೆಗೆ ತಿರುಗಿ ಚಹಾಕ್ಕೆ ನೀರಿಟ್ಟರೆ, ನೀವು ಮಾತನಾಡದೆ ಕಾಯಿರಿ.